ಕಡೆಯ ಸಾಲಿನಿಂದ ಒಂದು ತಿದ್ದುಪಡಿ

ಮಂಗಮ್ಮನ ಗಂಡನ ತಿಥಿ ಊಟವನ್ನು ರಸ್ತೆಯ ಮೇಲೆ ಹಾಕಿದ್ದರು. ಕೋಣನಕುಂಟೆಯ ಹಳೇ ಊರಿನಲ್ಲಿ ಬಯಲಿನ ಪಕ್ಕಕ್ಕೆ ಹೋಗುವ ರಸ್ತೆ ಅದು. ಶಾಮಿಯಾನದ ಒಂದು ಬದಿಯ ಹಗ್ಗವನ್ನು ಲೈಟು ಕಂಬಕ್ಕೂ ಇನ್ನೊಂದು ಬದಿಯದನ್ನು ಬಯಲಿನ ಸುತ್ತ ಹೊಸದಾಗಿ ಎದ್ದಿದ್ದ ಕಬ್ಬಿಣದ ಬೇಲಿಗೂ ಬಿಗಿದಿದ್ದರು. ಎರಡು ಸಾಲು ಟೇಬಲ್ಲು ಹಾಕಿ ಉಳಿದ ಜಾಗದಲ್ಲಿ ಆಟೋಗಳೂ ನೀರಿನ ಟ್ಯಾಂಕರೂ ಹಾರ್ನ್ ಹೊಡೆಯುತ್ತ ನುಸುಳುತ್ತಿದ್ದವು. ಗಾಡಿ ಬಂದಾಗಲೆಲ್ಲ ಊಟಕ್ಕೆ ಕೂತವರು ದೂಳು ಬೀಳದಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು.

ಶಾಸಕಿ ಇಂದ್ರಾಣಿ ಬಂದಾಗ ಎರಡನೇ ಪಂಕ್ತಿ ನಡೆಯುತ್ತಿತ್ತು. ಕಾರನ್ನು ಕನಕಪುರ ರಸ್ತೆಯಲ್ಲೇ ಬಿಟ್ಟು ನಡೆದು ಬಂದಿದ್ದಳು. ಈ ಬೀದಿ ಅವಳಿಗೆ ಹೊಸದಲ್ಲ. ಇಪ್ಪತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು, ಬೆಳಗಿನ ಪಾಳಿಗೆ ಇದೇ ಬಯಲನ್ನು ಅಡ್ಡ ಹಾದು ಬನಶಂಕರಿ ಕಡೆಯ ಬಸ್ಸು ಹಿಡಿಯುತ್ತಿದ್ದಳು. ಆಮೇಲೆ ನೌಕರರ ಸಂಘದಲ್ಲಿ ಮುಂದಾಳಾದಳು, ಡಿಪೋಗಳಲ್ಲಿ ಹೆಂಗಸರಿಗೆ ಶೌಚಾಲಯ ಬೇಕೆಂದು ಹಟ ಹಿಡಿದು ಗೆದ್ದಳು, ಆ ಹೆಸರಿನ ಮೇಲೆ ಪಕ್ಷದವರು ಟಿಕೆಟ್ ಕೊಟ್ಟರು. ಗೆಲ್ಲುತ್ತಾಳೆಂದು ಪಕ್ಷದವರೇ ನಂಬಿರಲಿಲ್ಲ. ಗೆದ್ದು ಎರಡೂವರೆ ವರ್ಷವಾಗಿತ್ತು.

ಮಂಗಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಇಂದ್ರಾಣಿಯ ಕೈ ಹಿಡಿದುಕೊಂಡು ಗಂಡನ ಫೋಟೋದ ಮುಂದೆ ಕರೆದೊಯ್ದಳು. ಇಂದ್ರಾಣಿ ಹೂವು ಹಾಕಿ, ಕೈ ಮುಗಿದು, ತಿರುಗಿ ಕೇಳಿದಳು.

"ರೋಡಲ್ಲಿ ಯಾಕೆ ಹಾಕಿದ್ದೀಯ ಮಂಗಮ್ಮ? ಬಯಲಿಲ್ವಾ?"

"ಬೀಗ ಹಾಕವ್ರಲ್ಲಕ್ಕ. ಮೊಬೈಲಲ್ಲಿ ಬುಕ್ ಮಾಡ್ಬೇಕಂತೆ, ಹದಿನೈದು ದಿನ ಮುಂಚೆ. ಇವ್ರು ತೀರ್ಕೊಂಡು ಹನ್ನೊಂದೇ ದಿನ. ಇನ್ನು ನಾಕು ದಿನ ಮುಂಚೆ ಎಲ್ಲಿಂದ ತರ್ಲಿ?"

ಇಂದ್ರಾಣಿ ನೇರ ಗೇಟಿನ ಹತ್ತಿರ ಹೋದಳು. ಅಲ್ಲೊಂದು ತಗಡಿನ ಗೂಡು, ಅದರೊಳಗೆ ಬಯಲನ್ನು ವಹಿಸಿಕೊಂಡ ಏಜೆನ್ಸಿಯ ಸೂಪರ್‌ವೈಸರ್. ಅವಳನ್ನು ಕಂಡು ಎದ್ದು ನಿಂತ.

"ಯಾರಪ್ಪ ನಿಮಗೆ ಬೀಗ ಹಾಕೋಕೆ ಹೇಳಿದ್ದು?"

"ಆಕ್ಟ್ ಇದೆ ಮೇಡಂ." ಅವನು ಫೋನು ತೆಗೆದು ತೋರಿಸಿದ. "ನಗರ ಬಯಲು ಜಾಗಗಳ ನಿರ್ವಹಣೆ ಆಕ್ಟ್. ಒಂದೆಕರೆ ಒಳಗಿನ ಬಯಲನ್ನ ಏಜೆನ್ಸಿಗೆ ಕೊಡ್ಬಹುದು. ನಾಲ್ಕನೇ ಪ್ರಕರಣದಲ್ಲಿ ನಾವು ಬೇಲಿ ಹಾಕ್ಬಹುದು, ಟೈಮಿಂಗ್ಸ್ ಇಡ್ಬಹುದು ಅಂತಿದೆ. ಹೋದ ವರ್ಷ ನಿಮ್ಮ ಸದನದಲ್ಲೇ ಪಾಸಾಯ್ತಲ್ಲ ಮೇಡಂ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಶಾಸಕಿಗೆ ಗೊತ್ತಿರುತ್ತದೆ ಎಂದೇ ಹೇಳಿದ್ದ. ಇಪ್ಪತ್ತೊಂದು ವರ್ಷ ತುಂಬಿದ ಬಸ್ಸಿನಲ್ಲಿ ಮಾತಿಗೆ ಮಾತು ಕೊಟ್ಟವಳು, ಆ ಪ್ರಕರಣವನ್ನು ಅವನ ಫೋನಿನಲ್ಲೇ ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಹಿಂದಿರುಗಿ ಬಂದು ರಸ್ತೆಯ ಮೇಲಿನ ಟೇಬಲ್ಲಿಗೇ ಕೂತು ಊಟ ಮಾಡಿದಳು. ಅನ್ನದಲ್ಲಿ ದೂಳು ಸಿಕ್ಕಿತು. ಎಲೆ ಮಡಿಸುವವರೆಗೂ ಏಳಲಿಲ್ಲ.

ಬನಶಂಕರಿ ಎರಡನೇ ಹಂತದ ಕಚೇರಿಗೆ ಬಂದ ಕೂಡಲೇ ಆಪ್ತ ಸಹಾಯಕ ಭಾರ್ಗವನಿಗೆ ಹೇಳಿ ಆ ದಿನದ ಸದನದ ನಡವಳಿಯನ್ನು ತೆಗೆಸಿದಳು. ಮಳೆಗಾಲದ ಅಧಿವೇಶನದ ಕೊನೆಯ ದಿನ. ವಿರೋಧ ಪಕ್ಷದವರು ಬೇರೇನೋ ವಿಷಯಕ್ಕೆ ಸದನದ ಬಾವಿಗಿಳಿದು ಕೂಗುತ್ತಿದ್ದರು. ಆ ಗದ್ದಲದಲ್ಲಿ ಇಪ್ಪತ್ತು ನಿಮಿಷದಲ್ಲಿ ಒಂಬತ್ತು ವಿಧೇಯಕಗಳು ಪಾಸಾಗಿದ್ದವು. ಬಯಲುಗಳದ್ದು ಆರನೆಯದು. ‘ವಿಧೇಯಕವನ್ನು ಧ್ವನಿಮತದಿಂದ ಅಂಗೀಕರಿಸಲಾಯಿತು’ ಎಂಬಷ್ಟೇ ಇತ್ತು. ಯಾರ ಹೆಸರೂ ಇಲ್ಲ.

ಇಂದ್ರಾಣಿಗೆ ಆ ಸಂಜೆ ಚೆನ್ನಾಗಿ ನೆನಪಿತ್ತು. ಆಡಳಿತ ಪಕ್ಷದ ಕಡೆಯ ಸಾಲಿನಲ್ಲಿ ಕೂತು, ಇಟ್ಟಮಡುವಿನಲ್ಲಿ ನೀರು ಬಿಡುವವನು ಬಂದಿಲ್ಲವೆಂದು ಭಾರ್ಗವನಿಗೆ ಮೆಸೇಜು ಹಾಕುತ್ತಿದ್ದಳು. ಸಭಾಧ್ಯಕ್ಷರು ಕೇಳಿದಾಗಲೆಲ್ಲ ತಲೆ ಎತ್ತದೆ ‘ಹೌದು’ ಅಂದಿದ್ದಳು. ಒಂಬತ್ತು ಸಲ.

"ಮೇಡಂ, ನಾಳೆ ಜೆ.ಪಿ. ನಗರದ ಸಭೆ ಇದೆ," ಭಾರ್ಗವ ನೆನಪಿಸಿದ. "ಗುರುಶಾಂತಪ್ಪನವರು ನಿಮ್ಮ ರಿಪೋರ್ಟ್ ಕಾರ್ಡ್ ಓದ್ತಾರೆ. ಈ ವಿಷಯ ಬಂದ್ರೆ, ನಾನು ವಿರೋಧ ಮಾಡಿದ್ದೆ, ಗದ್ದಲದಲ್ಲಿ ಕೇಳಿಸ್ಲಿಲ್ಲ ಅಂದ್ಬಿಡಿ. ರೆಕಾರ್ಡೇ ಇಲ್ಲ. ಯಾರೂ ಏನೂ ಅನ್ನೋಕಾಗಲ್ಲ."

ಇಂದ್ರಾಣಿ ಅವನ ಮುಖ ನೋಡಿದಳು. ಒಳ್ಳೆಯ ಕೆಲಸಗಾರ, ಅವಳ ಹಿತಕ್ಕೇ ಹೇಳಿದ್ದ. ಅವಳು ನಡವಳಿಯ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಗುರುಶಾಂತಪ್ಪನವರು ವಿಧಾನಸಭೆಯ ಸಚಿವಾಲಯದಲ್ಲಿ ಮೂವತ್ತೊಂದು ವರ್ಷ ವರದಿಗಾರರಾಗಿದ್ದವರು. ಸದನದ ನಡುವಿನ ಮೇಜಿನ ಬಳಿ ಕೂತು, ಆಡಿದ ಪ್ರತಿ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಜೆ.ಪಿ. ನಗರದಲ್ಲಿ ಸ್ನೇಹಿತರನ್ನು ಸೇರಿಸಿಕೊಂಡು ಒಂದು ವೇದಿಕೆ ಮಾಡಿದ್ದರು. ಸುತ್ತಲಿನ ನಾಲ್ಕೈದು ಕ್ಷೇತ್ರಗಳ ಶಾಸಕರು ವರ್ಷದಲ್ಲಿ ಎಷ್ಟು ದಿನ ಹಾಜರಿದ್ದರು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಹೊತ್ತು ಮಾತಾಡಿದರು ಎಂದು ಲೆಕ್ಕ ತೆಗೆದು, ಅವರನ್ನೇ ಕರೆದು ಎದುರಿಗೆ ಓದುತ್ತಿದ್ದರು. ಹೆಚ್ಚಿನ ಶಾಸಕರು ಬರುತ್ತಿರಲಿಲ್ಲ. ಇಂದ್ರಾಣಿ ಬರುತ್ತಿದ್ದಳು, ಅದೂ ತಲೆ ಎತ್ತಿಕೊಂಡು. ಅವಳ ಅಂಕಗಳು ಯಾವಾಗಲೂ ಚೆನ್ನಾಗಿರುತ್ತಿದ್ದವು.

ಆ ಭಾನುವಾರವೂ ಹಾಗೇ ಇತ್ತು. ಶಾಲೆಯೊಂದರ ಹಾಲಿನಲ್ಲಿ ನೂರು ಜನ ಸೇರಿದ್ದರು. ಗುರುಶಾಂತಪ್ಪನವರು ಕನ್ನಡಕ ಏರಿಸಿ ಓದಿದರು: ಹಾಜರಿ ನೂರಕ್ಕೆ ತೊಂಬತ್ತಾರು, ಪ್ರಶ್ನೆ ನೂರಾ ಹದಿನೆಂಟು, ಮೂರು ಚರ್ಚೆಗಳಲ್ಲಿ ಭಾಗವಹಿಸಿದ್ದಾರೆ. ಚಪ್ಪಾಳೆ ಬಿತ್ತು. ಅವರು ಹಾಳೆ ಮಡಿಸದೆ ಮುಂದುವರಿಸಿದರು.

"ಕೊನೇ ಕಾಲಮು, ಮತ. ಇದು ಎಲ್ಲರದ್ದೂ ಖಾಲಿ. ಧ್ವನಿಮತ ಆದ್ರೆ ಯಾರು ಏನಂದ್ರು ಅಂತ ದಾಖಲೆ ಇರಲ್ಲ. ಅದಕ್ಕೇ ಪ್ರತಿ ಸಲ ಒಂದು ವಿಧೇಯಕ ಹೆಸರಿಸಿ ಶಾಸಕರನ್ನೇ ಕೇಳ್ತೀನಿ. ಇಂದ್ರಾಣಿಯವರೇ, ಬಯಲು ಜಾಗಗಳ ವಿಧೇಯಕ. ನೀವು ಏನಂದ್ರಿ?"

ಭಾರ್ಗವ ಮೊದಲ ಸಾಲಿನಲ್ಲಿ ಕೂತು ಅವಳನ್ನೇ ನೋಡುತ್ತಿದ್ದ. ಇಂದ್ರಾಣಿ ಎದ್ದು ಮೈಕು ತೆಗೆದುಕೊಂಡಳು.

"ಹೌದು ಅಂದೆ ಸಾರ್."

"ಯಾಕೆ ಅಂತ ಕೇಳ್ಬಹುದಾ?"

"ಓದಿರ್ಲಿಲ್ಲ. ಅಧ್ಯಕ್ಷರು ಕೇಳಿದ್ರು, ನಮ್ ಕಡೆಯವರೆಲ್ಲ ಹೌದು ಅಂದ್ರು, ನಾನೂ ಅಂದೆ. ಆಗ ನಾನು ಮೊಬೈಲ್ ನೋಡ್ತಿದ್ದೆ. ನಿನ್ನೆ ನಮ್ಮೂರಲ್ಲಿ ಒಂದು ತಿಥಿ ಊಟ ರೋಡಲ್ಲಿ ಆಯ್ತು, ಬಯಲಿಗೆ ಬೀಗ ಬಿದ್ದಿದೆ. ಆ ಬೀಗದಲ್ಲಿ ನನ್ನ ಕೈಯೂ ಇದೆ."

ಹಾಲಿನಲ್ಲಿ ಗುಜುಗುಜು ಎದ್ದಿತು. ಜಯನಗರದ ಒಬ್ಬರು ಎದ್ದು, "ಓದದೆ ಪಾಸ್ ಮಾಡೋಕೆ ನಿಮ್ಮನ್ನ ಕಳಿಸ್ಬೇಕಿತ್ತಾ ಮೇಡಂ?" ಅಂದರು. ಇಂದ್ರಾಣಿ ಅವರಿಗೆ ಉತ್ತರವಾಗಿ, ನೀವು ಕೇಳೋದು ಸರಿ, ಇನ್ಮೇಲೆ ಓದ್ತೀನಿ ಎಂದಳು. ಬೇರೆ ಸಮಜಾಯಿಷಿ ಕೊಡಲಿಲ್ಲ. ಕೆಲವರು ಎದ್ದು ಹೋದರು. ಒಬ್ಬ ಹುಡುಗಿ ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಿದ್ದಳು. ಸಂಜೆಯೊಳಗೆ ಅದು ಊರೆಲ್ಲ ಹರಿದಾಡಿತು. ‘ಓದದ ಶಾಸಕಿ’ ಎಂದು ಯಾರೋ ಹೆಸರಿಟ್ಟರು. ಭಾರ್ಗವ ಎರಡು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಗುರುಶಾಂತಪ್ಪನವರೇ ಫೋನು ಮಾಡಿ ಮನೆಗೆ ಕರೆದರು. ಅವರ ಹೆಂಡತಿ ಕಮಲಾದೇವಿ ಕಾಫಿ ತಂದಿಟ್ಟು, ವಿಡಿಯೋ ತಾನೂ ನೋಡಿದೆನೆಂದು ನಕ್ಕು ಒಳಗೆ ಹೋದರು.

"ಮೂವತ್ತೊಂದು ವರ್ಷ ನಾನು ಬರೆದಿದ್ದು ಏನು ಗೊತ್ತಾ?" ಗುರುಶಾಂತಪ್ಪನವರು ಹೇಳಿದರು. "ಧ್ವನಿಮತದಿಂದ ಅಂಗೀಕರಿಸಲಾಯಿತು. ಅದಕ್ಕೆ ನನ್ನ ಲಿಪಿಯಲ್ಲಿ ಒಂದೇ ಗೆರೆ ಇತ್ತು, ಅಷ್ಟು ಸಲ ಬರೆದಿದ್ದೀನಿ. ಯಾರನ್ನೇ ಕೇಳಿ, ನಾನು ವಿರೋಧಿಸಿದ್ದೆ ಅಂತಾರೆ. ಹೌದು ಅಂದೆ, ಓದಿರ್ಲಿಲ್ಲ ಅಂತ ಯಾರ ಬಾಯಲ್ಲೂ ಕೇಳಿರ್ಲಿಲ್ಲ."

"ಹೇಳಿದ್ರಿಂದ ಏನಾಯ್ತು ಸಾರ್? ಬೀಗ ಹಾಗೇ ಇದೆ."

"ಅದಕ್ಕೇ ಕರೆದಿದ್ದು. ಮಾರ್ಚಿ ಅಧಿವೇಶನಕ್ಕೆ ಸರ್ಕಾರ ಇದೇ ಕಾಯ್ದೆಗೆ ತಿದ್ದುಪಡಿ ತರ್ತಾ ಇದೆ. ಒಂದೆಕರೆ ಅನ್ನೋದನ್ನ ಎರಡೆಕರೆ ಮಾಡ್ತಾರಂತೆ. ಕಾಯ್ದೆ ಮತ್ತೆ ಸದನಕ್ಕೆ ಬಂದಾಗ ಯಾವ ಸದಸ್ಯರಾದ್ರೂ ತಮ್ಮ ತಿದ್ದುಪಡಿ ಸೂಚಿಸ್ಬಹುದು. ಹಿಂದಿನ ದಿನ ನೋಟಿಸ್ ಕೊಟ್ರೆ ಸಾಕು."

"ನಾನು ಆಡಳಿತ ಪಕ್ಷದವಳು ಸಾರ್."

"ಸದಸ್ಯರು ಅಂತ ನಿಯಮದಲ್ಲಿದೆ. ಯಾವ ಪಕ್ಷ ಅಂತ ಬರೆದಿಲ್ಲ."

ಇಂದ್ರಾಣಿ ಕಾಫಿ ಕುಡಿದು ಲೋಟ ಕೆಳಗಿಟ್ಟಳು. "ಕಾಗದ ಕೊಡಿ," ಅಂದಳು.

ಮೊದಲ ಸಲ ಎರಡು ಪುಟ ಬರೆದಳು. ಬಡವರು, ಮಕ್ಕಳು, ಹಳೇ ಊರು, ಎಲ್ಲ ಬಂದಿತ್ತು. ಗುರುಶಾಂತಪ್ಪನವರು ಓದಿ, "ಇದು ಭಾಷಣ. ಭಾಷಣ ಆಮೇಲೆ ಮಾಡಿ. ಈಗ ಕಾನೂನಲ್ಲಿ ಯಾವ ಪದ ಸೇರ್ಬೇಕು ಅಷ್ಟು ಹೇಳಿ," ಎಂದು ಹಿಂದಕ್ಕೆ ಕೊಟ್ಟರು. ನಾಲ್ಕನೇ ಸಲಕ್ಕೆ ಒಂದು ವಾಕ್ಯ ಉಳಿಯಿತು: ‘ಸುತ್ತಮುತ್ತಲಿನ ನಿವಾಸಿಗಳು ನಿತ್ಯ ಬಳಸುವ ಬಯಲಿಗೆ, ವಾರ್ಡ್ ಸಮಿತಿಯ ಒಪ್ಪಿಗೆಯಿಲ್ಲದೆ, ಬೀಗವನ್ನಾಗಲಿ ಸಮಯದ ನಿರ್ಬಂಧವನ್ನಾಗಲಿ ವಿಧಿಸತಕ್ಕದ್ದಲ್ಲ.’ ಇಂದ್ರಾಣಿ ಅದನ್ನು ಜೋರಾಗಿ ಓದಿ ನೋಡಿದಳು. ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದ ಕಮಲಾದೇವಿ, "ಇದು ನನಗೂ ಅರ್ಥ ಆಯ್ತು," ಅಂದರು.

"ಇನ್ನೊಂದು," ಗುರುಶಾಂತಪ್ಪನವರು ಹೇಳಿದರು. "ಧ್ವನಿಮತಕ್ಕೆ ಹಾಕಿ ಬಿದ್ದೋಯ್ತು ಅಂದಾಗ, ಮತ ವಿಭಜನೆ ಬೇಕು ಅಂತ ಕೇಳಿ. ಆಗ ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ಎಣಿಸ್ತಾರೆ. ಹೆಸರು ನಡವಳಿಗೆ ಹೋಗುತ್ತೆ."

ಅಧಿವೇಶನಕ್ಕೆ ಇನ್ನೂ ಹದಿನೆಂಟು ದಿನವಿತ್ತು. ಇಂದ್ರಾಣಿ ಕಚೇರಿಯಲ್ಲಿ ಕೂರಲಿಲ್ಲ. ಗೊಟ್ಟಿಗೆರೆ, ಇಟ್ಟಮಡು, ಬಿ.ಟಿ.ಎಂ. ಲೇಔಟಿನ ಹಿಂಬದಿ, ಎಲ್ಲಿ ಬಯಲಿಗೆ ಬೇಲಿ ಬಿದ್ದಿದೆಯೋ ಅಲ್ಲೆಲ್ಲ ಹೋಗಿ ನಿಂತು ನೋಡಿದಳು. ಭಾರ್ಗವ ಮೊದಲು ಮುಖ ಗಂಟಿಕ್ಕಿಕೊಂಡೇ ಹಿಂದೆ ಬಂದ. ಗೊಟ್ಟಿಗೆರೆಯಲ್ಲಿ ಬೇಲಿಯ ಆಚೆ ಖಾಲಿ ಬಯಲು, ಈಚೆ ಮೋರಿಯ ಚಪ್ಪಡಿಯ ಮೇಲೆ ಹೆಂಗಸರು ರಾಗಿ ಒಣಹಾಕಿಕೊಂಡಿದ್ದು ಕಂಡ ಮೇಲೆ ತಾನಾಗಿಯೇ ಪಟ್ಟಿ ಬರೆಯತೊಡಗಿದ. ನಗರದ ಬೇರೆ ಕ್ಷೇತ್ರಗಳ ಬಯಲುಗಳನ್ನೂ ಹುಡುಕಿ ತೆಗೆದ. ಆ ಪಟ್ಟಿ ಹಿಡಿದು ಇಂದ್ರಾಣಿ ಹಿಂದಿನ ಸಾಲುಗಳ ಶಾಸಕರನ್ನು ಒಬ್ಬೊಬ್ಬರನ್ನಾಗಿ ಕಂಡಳು. ನಿಮ್ಮಲ್ಲಿ ಇಂತಿಂಥ ಬಯಲಿಗೆ ಬೀಗ ಬಿದ್ದು ಇಂತಿಷ್ಟು ಬೀದಿಗಳವರಿಗೆ ಜಾಗವಿಲ್ಲ, ನಿಮಗೆ ಗೊತ್ತಾ ಎಂದಷ್ಟೇ ಕೇಳಿದಳು. ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ಸೋಮನಾಥ್, ನಗರದ ಇನ್ನೊಂದು ಕಡೆಯಿಂದ ಮೊದಲ ಸಲ ಗೆದ್ದವನು, ಪಟ್ಟಿಯನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ.

"ನಾನು ಕ್ರಿಕೆಟ್ ಆಡಿದ ಗ್ರೌಂಡ್ ಅಕ್ಕ ಇದು," ಅಂದ. ಬೆಂಬಲ ಕೊಡುತ್ತೇನೆಂದು ಮಾತ್ರ ಹೇಳಲಿಲ್ಲ.

ನೋಟಿಸ್ ಕೊಟ್ಟ ಮರುದಿನ ಬೆಳಿಗ್ಗೆ ಪಕ್ಷದ ಮುಖ್ಯ ಸಚೇತಕ ಮರುಳಸಿದ್ದಪ್ಪನವರು ಮೊಗಸಾಲೆಯಲ್ಲಿ ಅವಳನ್ನು ತಡೆದರು. ಪಕ್ಷದ ಸದಸ್ಯರು ಸದನದಲ್ಲಿ ಪಕ್ಷದ ಜೊತೆಗೇ ಮತ ಹಾಕುವಂತೆ ನೋಡಿಕೊಳ್ಳುವುದು ಅವರ ಕೆಲಸ. ಆರು ಸಲ ಗೆದ್ದ ಹಿರಿಯರು, ಯಾರ ಮೇಲೂ ದನಿ ಎತ್ತುವವರಲ್ಲ.

"ಇಂದ್ರಾಣಿಯಮ್ಮ, ಅದನ್ನ ವಾಪಸ್ ತಗೊಂಡ್ಬಿಡಿ. ಮಂತ್ರಿಗಳಿಗೆ ಮುಜುಗರ ಆಗುತ್ತೆ."

"ಬೀದೀಲಿ ಊಟ ಹಾಕಿದ್ದು ನನಗೂ ಮುಜುಗರ ಆಯ್ತು ಸಾರ್."

"ನಿಯಮ ಮಾಡುವಾಗ ಸರಿ ಮಾಡೋಣ ಅಂತಿದಾರೆ. ನಾನು ಹೇಳ್ತಿದೀನಲ್ಲ."

"ಹಂಗಾದ್ರೆ ವಿಪ್ ಕೊಡಿ ಸಾರ್. ಸರ್ಕಾರದ ಪರ ಮತ ಹಾಕ್ಬೇಕು ಅಂತ ಬರೆದು ಕೊಡಿ. ಬರೆದು ಕೊಟ್ರೆ ಕೇಳ್ಲೇಬೇಕು, ಇಲ್ಲಾಂದ್ರೆ ನನ್ನ ಸದಸ್ಯತ್ವಾನೇ ಹೋಗುತ್ತೆ. ನನಗೆ ಅಷ್ಟು ಗೊತ್ತಿದೆ."

ಮರುಳಸಿದ್ದಪ್ಪನವರು ನಕ್ಕರು. "ಇಷ್ಟು ಸಣ್ಣ ವಿಧೇಯಕಕ್ಕೆ ಯಾರು ವಿಪ್ ಕೊಡ್ತಾರಮ್ಮ? ಪತ್ರಿಕೆಯವರು ನಗ್ತಾರೆ."

"ಸಣ್ಣದಾದ್ರೆ ನನ್ನ ಒಂದು ವಾಕ್ಯ ಸೇರಿಸೋಕೇನು ಕಷ್ಟ ಸಾರ್?"

ಅವರು ನಗುವುದು ನಿಲ್ಲಿಸಿ, ಅವಳನ್ನು ಕಿಟಕಿಯ ಬಳಿಗೆ ಕರೆದೊಯ್ದು ತಗ್ಗಿದ ದನಿಯಲ್ಲಿ ಹೇಳಿದರು. "ಮುಂದಿನ ತಿಂಗಳು ನಿಗಮಗಳಿಗೆ ಅಧ್ಯಕ್ಷರನ್ನ ಮಾಡ್ತಾರೆ. ನಿಮ್ಮ ಹೆಸರು ಮೇಲೆ ಹೋಗಿದೆ, ನಾನೇ ಕಳಿಸಿದ್ದು. ಇವತ್ತು ಯೋಚನೆ ಮಾಡಿ ನಡ್ಕೊಳ್ಳಿ."

ಇಂದ್ರಾಣಿಗೆ ಆ ಮಾತು ನಾಟಿತು. ಅಧ್ಯಕ್ಷಗಿರಿ ಬೇಡವೆಂದು ಅವಳೆಂದೂ ಅಂದುಕೊಂಡಿರಲಿಲ್ಲ. ಹಿಂದುಳಿದ ಬೀದಿಯಿಂದ ಬಂದವಳಿಗೆ ಒಂದು ಕುರ್ಚಿ, ಒಂದು ಬೋರ್ಡು, ಸಹಿ ಹಾಕುವ ಅಧಿಕಾರ. ಅದರಿಂದ ಮಾಡಬಹುದಾದ ಕೆಲಸಗಳನ್ನೂ ಮನಸ್ಸಿನಲ್ಲೇ ಎಣಿಸಿಟ್ಟಿದ್ದಳು.

"ನೀವು ನನ್ನ ಹೆಸರು ಕಳಿಸಿದ್ದಕ್ಕೆ ಥ್ಯಾಂಕ್ಸ್ ಸಾರ್," ಅಂದಳು. "ಕಳಿಸಿದ್ದನ್ನ ವಾಪಸ್ ತಗೊಂಡ್ರೂ ನನಗೆ ಬೇಜಾರಿಲ್ಲ." ಹೇಳುವಾಗ ಬೇಜಾರಿತ್ತು.

ಮಧ್ಯಾಹ್ನ ಮೂರೂವರೆಗೆ ವಿಧೇಯಕ ಬಂತು. ಅರ್ಧ ಸದನ ಖಾಲಿ ಇತ್ತು. ಸಭಾಧ್ಯಕ್ಷರು ಅವಳ ಹೆಸರು ಕರೆದಾಗ ಮುಂದಿನ ಸಾಲಿನ ಮಂತ್ರಿಗಳು ತಿರುಗಿ ನೋಡಿದರು. ಆಡಳಿತ ಪಕ್ಷದ ಹಿಂದಿನ ಸಾಲಿನಿಂದ ಹಿಂದೆಂದಾದರೂ ತಿದ್ದುಪಡಿ ಬಂದದ್ದು ಅವರಲ್ಲಿ ಅನೇಕರಿಗೆ ನೆನಪಿರಲಿಲ್ಲ.

"ಮಾನ್ಯ ಸಭಾಧ್ಯಕ್ಷರೇ," ಇಂದ್ರಾಣಿ ಶುರುಮಾಡಿದಳು. "ಈ ಕಾಯ್ದೆ ಹೋದ ವರ್ಷ ಬಂದಾಗ ನಾನು ಹೌದು ಅಂದಿದ್ದೆ. ಓದದೆ ಅಂದಿದ್ದೆ." ವಿರೋಧ ಪಕ್ಷದ ಕಡೆ ಯಾರೋ ಮೇಜು ಕುಟ್ಟಿ ನಕ್ಕರು. ಅವಳು ನಗು ಮುಗಿಯುವವರೆಗೆ ಕಾದಳು. "ನಗಿ ಸಾರ್. ಅವತ್ತು ನೀವು ಬಾವೀಲಿ ನಿಂತಿದ್ರಿ, ನೀವೂ ಓದಿರ್ಲಿಲ್ಲ." ಈಗ ಎರಡೂ ಕಡೆ ನಗು ಬಿತ್ತು. ಆಮೇಲೆ ಸದನ ಅವಳ ಮಾತು ಕೇಳಿತು.

ಅವಳು ನಾಲ್ಕು ನಿಮಿಷ ಮಾತಾಡಿದಳು. ಮಂಗಮ್ಮನ ಹನ್ನೊಂದು ದಿನ, ಏಜೆನ್ಸಿಯ ಹದಿನೈದು ದಿನ ಹೇಳಿದಳು. ಎರಡು ಕೋಣೆಯ ಮನೆಯವರಿಗೆ ಸಾವಾದರೆ, ಮದುವೆಯಾದರೆ, ಜನ ಕೂರುವುದಕ್ಕೆ ಬಯಲೇ ಛತ್ರ, ಅದೇ ಅಂಗಳ ಎಂದಳು. ಏಜೆನ್ಸಿಯವರು ಕಸ ಗುಡಿಸಲಿ, ದೀಪ ಹಾಕಲಿ, ಯಾರೂ ಬೇಡ ಅನ್ನುತ್ತಿಲ್ಲ. ಬಾಗಿಲು ಹಾಕುವ ಮುಂಚೆ ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ ಎಂದು ಮುಗಿಸಿದಳು.

ಮಂತ್ರಿಗಳು ಎದ್ದು, ಸದಸ್ಯರ ಕಾಳಜಿ ಮೆಚ್ಚತಕ್ಕದ್ದು, ನಿಯಮಗಳಲ್ಲಿ ಅವಕಾಶ ಕಲ್ಪಿಸುವ ಭರವಸೆ ಕೊಡುತ್ತೇನೆ ಎಂದರು.

"ಭರವಸೆ ಕೊಟ್ಟಿದ್ದಾರೆ, ವಾಪಸ್ ಪಡೀತೀರಾ?" ಸಭಾಧ್ಯಕ್ಷರು ಕೇಳಿದರು.

"ಇಲ್ಲ ಸಾರ್. ಮತಕ್ಕೆ ಹಾಕಿ."

ಪರವಾಗಿದ್ದವರು ಹೌದು ಎಂದರು. ವಿರೋಧವಾಗಿದ್ದವರು ಇಲ್ಲ ಎಂದರು. ಸಭಾಧ್ಯಕ್ಷರು, ಇಲ್ಲ ಎನ್ನುವವರೇ ಹೆಚ್ಚು ಎಂದು ಹೇಳಿ ಮುಂದಿನ ಹಾಳೆಗೆ ಕೈ ಹಾಕಿದರು. ಇಂದ್ರಾಣಿ ಇನ್ನೂ ನಿಂತೇ ಇದ್ದಳು.

"ಮತ ವಿಭಜನೆ ಕೇಳ್ತೀನಿ ಸಾರ್."

ಗಂಟೆ ಹೊಡೆಯಿತು. ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದವರು ಒಬ್ಬೊಬ್ಬರೇ ಒಳಗೆ ಬಂದರು. ವಿಷಯ ತಿಳಿದ ಮೇಲೆ ಆಡಳಿತ ಪಕ್ಷದ ಕೆಲವರು ಫೋನು ಬಂದವರಂತೆ ಕಿವಿಗೆ ಹಿಡಿದು ಹೊರಗೆ ಹೋದರು. ಮರುಳಸಿದ್ದಪ್ಪನವರು ಸಾಲುಗಳ ನಡುವೆ ಓಡಾಡುತ್ತ ಬಗ್ಗಿ ಬಗ್ಗಿ ಮಾತಾಡಿದರು. ಸೋಮನಾಥ್ ಎರಡು ಕುರ್ಚಿ ಆಚೆಯಿಂದ ಅವಳ ಕಡೆ ವಾಲಿದ.

"ಅಕ್ಕ, ನಿಂತವರ ಹೆಸರು ಬರ್ಕೊತಾರಾ?"

"ಬರ್ಕೊತಾರೆ."

"ವಿರೋಧ ನಿಂತವರದ್ದು?"

"ಅದನ್ನೂ ಬರ್ಕೊತಾರೆ ಸೋಮು. ನಿನ್ನ ಗ್ರೌಂಡಿನವರು ಓದ್ತಾರೆ, ಪಕ್ಷದವರೂ ಓದ್ತಾರೆ. ಯಾರಿಗೆ ಏನು ಹೇಳ್ತೀಯ ಅಂತ ನೀನೇ ಯೋಚನೆ ಮಾಡು. ನಾನು ಒತ್ತಾಯ ಮಾಡಲ್ಲ."

ಬಾಗಿಲು ಹಾಕಿದರು. ತಿದ್ದುಪಡಿಯ ಪರ ಇರುವವರು ಎದ್ದು ನಿಲ್ಲಿ ಎಂದಾಗ ಎದುರು ಬದಿಯ ಸಾಲುಗಳು ಒಂದಾದ ಮೇಲೊಂದು ಎದ್ದವು. ಸಿಬ್ಬಂದಿ ಎಣಿಸುತ್ತ, ಹೆಸರು ಗುರುತು ಹಾಕುತ್ತ ಬಂದರು. ಆಡಳಿತ ಪಕ್ಷದ ಕಡೆಗೆ ಬಂದಾಗ ಮೊದಲ ಸಾಲು ಕೂತಿತ್ತು, ಎರಡನೆಯದು ಕೂತಿತ್ತು, ಮೂರನೆಯದೂ ಕೂತಿತ್ತು. ಕಡೆಯ ಸಾಲಿನಲ್ಲಿ ಇಂದ್ರಾಣಿ ಎದ್ದಳು. ಅಷ್ಟು ದೊಡ್ಡ ಸದನದಲ್ಲಿ ತನ್ನ ಪಕ್ಷದವರ ನಡುವೆ ಒಬ್ಬಳೇ ನಿಂತಿದ್ದೇನೆ ಅನ್ನಿಸಿತು. ಎಡಗಡೆ ಕುರ್ಚಿ ಸದ್ದಾಯಿತು. ಸೋಮನಾಥ್ ಎದ್ದು, ಮೇಜಿನ ಮೇಲೆ ಎರಡೂ ಕೈ ಊರಿಕೊಂಡು, ಯಾರ ಕಡೆಯೂ ನೋಡದೆ ನಿಂತಿದ್ದ. ಅವನ ಆಚೆ ಇನ್ನೂ ಮೂವರು ಎದ್ದರು.

ಪರ ಎಪ್ಪತ್ತೊಂದು, ವಿರೋಧ ಎಂಬತ್ತಮೂರು. ತಿದ್ದುಪಡಿ ಬಿದ್ದುಹೋಯಿತು.

ಇಂದ್ರಾಣಿ ಕೂತಳು. ಅವಳಿಗೆ ಅಳು ಬರಬಹುದೆಂದು ಸೋಮನಾಥ್ ನೀರಿನ ಲೋಟ ಸರಿಸಿದ. ಅವಳು ನೀರು ಕುಡಿದು, "ಹನ್ನೆರಡೇ ಕಮ್ಮಿ," ಅಂದಳು. ಹೊರಗೆ ಹೋದವರ ಸಂಖ್ಯೆ ಅದರ ಎರಡರಷ್ಟಿತ್ತೆಂದು ಅವಳು ಆಗಲೇ ಎಣಿಸಿದ್ದಳು.

ವಿಧೇಯಕ ಸರ್ಕಾರ ತಂದಂತೆಯೇ ಪಾಸಾಯಿತು. ಮರುದಿನ ಪತ್ರಿಕೆಗಳಲ್ಲಿ ಮತ ಹಾಕಿದ ಎಲ್ಲರ ಹೆಸರೂ ಬಂತು. ಬಯಲುಗಳ ಪಟ್ಟಿಯನ್ನು ಗುರುಶಾಂತಪ್ಪನವರ ವೇದಿಕೆ ಅದರ ಪಕ್ಕಕ್ಕೆ ಸೇರಿಸಿ ಹಂಚಿತು. ಪಕ್ಷದಿಂದ ಇಂದ್ರಾಣಿಗೆ ಕಾರಣ ಕೇಳಿ ನೋಟಿಸ್ ಬಂತು. ವಿಪ್ ಬರೆದು ಕೊಡಿ ಎಂದು ಕೇಳಿದ್ದೆ, ಕೊಡಲಿಲ್ಲ ಎಂದು ಅವಳು ಮೂರು ಸಾಲಿನ ಉತ್ತರ ಬರೆದಳು. ನೋಟಿಸ್ ಅಲ್ಲೇ ನಿಂತಿತು. ನಿಗಮದ ಅಧ್ಯಕ್ಷಗಿರಿ ಬೇರೊಬ್ಬರಿಗೆ ಹೋಯಿತು. ಆ ಸುದ್ದಿ ಬಂದ ದಿನ ಇಂದ್ರಾಣಿ ಮಾತು ಕಡಿಮೆ ಮಾಡಿ, ಸಂಜೆ ಬೇಗ ಮನೆಗೆ ಹೋಗಿ ಮಲಗಿದಳು. ಬೆಳಿಗ್ಗೆ ಎಂದಿನ ಹೊತ್ತಿಗೆ ಕಚೇರಿಯಲ್ಲಿದ್ದಳು.

ವಿರೋಧವಾಗಿ ನಿಂತವರಿಗೆ ತಮ್ಮ ತಮ್ಮ ಕ್ಷೇತ್ರದಲ್ಲಿ ತಲೆ ತಪ್ಪಿಸಿಕೊಳ್ಳುವುದು ಕಷ್ಟವಾಯಿತು. ಹೋದಲ್ಲೆಲ್ಲ ಹೆಂಗಸರು ಪತ್ರಿಕೆಯ ಚೂರು ಹಿಡಿದು ಕೇಳುತ್ತಿದ್ದರು. ಆ ಶಾಸಕರೆಲ್ಲ ಮಂತ್ರಿಗಳ ಮನೆಗೆ ಹೋಗಿ ಕೂರತೊಡಗಿದರು. ಮುಂದಿನ ಅಧಿವೇಶನದಲ್ಲಿ ಸರ್ಕಾರವೇ ಹೊಸದೊಂದು ತಿದ್ದುಪಡಿ ತಂದಿತು. ವಾರ್ಡ್ ಸಮಿತಿ ಎಂಬಲ್ಲಿ ನಿವಾಸಿಗಳ ಸಭೆ ಎಂದಿತ್ತು. ಉಳಿದಂತೆ ಇಂದ್ರಾಣಿಯ ವಾಕ್ಯವೇ. ಆಗಲೇ ಆಗಿರುವ ಕರಾರುಗಳಿಗೂ ಅನ್ವಯ ಎಂಬ ಮಾತು ಅವಳದರಲ್ಲಿ ಇರಲಿಲ್ಲ, ಯಾರೋ ಅಧಿಕಾರಿ ಯೋಚಿಸಿ ಸೇರಿಸಿದ್ದರು. ಅದನ್ನು ಓದಿದಾಗ ತನಗೇಕೆ ಹೊಳೆಯಲಿಲ್ಲವೆಂದು ಅವಳು ಹಣೆ ಚಚ್ಚಿಕೊಂಡಳು. ಮಂತ್ರಿಗಳು ಮಂಡಿಸುವಾಗ ಅವಳ ಹೆಸರು ಹೇಳಲಿಲ್ಲ.

ಕೋಣನಕುಂಟೆಯಲ್ಲಿ ಮೊದಲ ಸಭೆ ಬಯಲಿನಲ್ಲೇ ಸೇರಿತು. ಗೇಟು ಹಗಲೆಲ್ಲ ತೆರೆದಿರಲಿ, ಸಾವಿನ ಮನೆಗೆ ಬುಕಿಂಗ್ ಬೇಡ ಎಂದು ಬರೆಸಿದರು. ಇಂದ್ರಾಣಿ ಹಿಂದೆ ಕೂತು ಕೇಳಿದಳು. ಮಂಗಮ್ಮ ಅವಳ ಪಕ್ಕಕ್ಕೆ ಬಂದು ಕೂತಳು.

"ಒಳ್ಳೇದಾಯ್ತು ಅಕ್ಕ. ನಮ್ಮೆಜಮಾನ್ರದ್ದು ಮಾತ್ರ ರೋಡಲ್ಲೇ ಆಗೋಯ್ತು."

"ಹೌದು ಮಂಗಮ್ಮ," ಇಂದ್ರಾಣಿ ಹೇಳಿದಳು. "ಅದನ್ನ ನಾನು ಸರಿ ಮಾಡೋಕಾಗಲ್ಲ."

ಮಂಗಮ್ಮ ತಲೆಯಾಡಿಸಿ, ವರ್ಷದ ಕಾರ್ಯಕ್ಕೆ ಊಟಕ್ಕೆ ಬರಲೇಬೇಕೆಂದು ಹೇಳಿ, ದಿನವನ್ನೂ ತಿಳಿಸಿದಳು.

ಅಧಿವೇಶನ ಇನ್ನೂ ನಡೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಗಂಟೆ ಬಾರಿಸುವ ಅರ್ಧ ಗಂಟೆ ಮುಂಚೆಯೇ ಇಂದ್ರಾಣಿ ತನ್ನ ಜಾಗದಲ್ಲಿ ಕೂತು ಒಂದು ದಪ್ಪನೆಯ ವಿಧೇಯಕ ಓದುತ್ತಿದ್ದಳು. ಬಾಡಿಗೆ ಮನೆಗಳಿಗೆ ಸಂಬಂಧಿಸಿದ್ದು, ಅರವತ್ತೆರಡು ಪುಟ. ಸೋಮನಾಥ್ ತನ್ನ ಪ್ರತಿ ಹಿಡಿದು ಬಂದ. ಅದರ ತುಂಬ ಬಣ್ಣದ ಚೀಟಿಗಳು ಅಂಟಿಕೊಂಡಿದ್ದವು.

"ಅಕ್ಕ, ಮೂವತ್ತನೇ ಪ್ರಕರಣ ನೋಡಿದ್ರಾ? ಬಾಡಿಗೆದಾರರಿಗೆ ನೋಟಿಸೇ ಬೇಡ ಅಂತಿದೆ. ನನಗೆ ಅರ್ಥ ಆಗಿದ್ದು ಸರಿನಾ?"

"ನಾನಿನ್ನೂ ಹದಿನೇಳರಲ್ಲಿದ್ದೀನಿ," ಇಂದ್ರಾಣಿ ಕುರ್ಚಿ ಸರಿಸಿ ಜಾಗ ಮಾಡಿದಳು. "ಕೂತ್ಕೋ. ಓದು, ಕೇಳ್ತೀನಿ."